ಕೆಮ್ಮಣ್ಣು ಬಳಿದ ಕಂಬ

ನಲಿನಿ ಮೇಡಂ ಮಲ್ಲಕಂಬಕ್ಕೆ ಔಡಲೆಣ್ಣೆ ತಿಕ್ಕುತ್ತಿದ್ದಳು. ಅರಿವೆ ಬುಡದ ಹತ್ತಿರ ಬಂದಾಗ ಕಂಬ ಮುದುಕನ ಹಲ್ಲಿನ ಹಾಗೆ ಅಲುಗಾಡಿತು. ಬುಡಕ್ಕೆ ಗೆದ್ದಲು ಹತ್ತಿ ಬಹಳ ದಿನವಾಗಿತ್ತು. ಮುಖ್ಯಗುರು ಭೋಗಟೆ ಸರ್ ಅದಕ್ಕೆ ನಿನ್ನೆಯೇ ಮದ್ದು ಮಾಡಿಸಿದ್ದರು. ದಪ್ಪಗೆ ಕೆಮ್ಮಣ್ಣು! ಸೋಮವಾರ ತಾಲೂಕಾ ಆಫೀಸಿನ ಸಾಹೇಬರು ಶಾಲೆ ನೋಡಲು ಬರುವವರಿದ್ದರು. ಮೇಲೆ ಥಳಕು, ಒಳಗೆ ಹುಳುಕು. ಸಾಹೇಬರೇನು ಬಗ್ಗಿ ನೋಡುತ್ತಾರೆಯೇ?

"ಸರ್, ಕಂಬ ಭಾಳ ಅಲಗ್ಯಾಡಾಕತ್ತೈತ್ರಿ. ಹುಡುಗರನ್ನ ಹತ್ತಸೂದು ಬ್ಯಾಡ್ರಿ. ದೀಪಾವಳಿಗಿಂತ ಮೊದಲ ತಾಲೂಕಾ ಆಫೀಸಿಗೆ ಪತ್ರ ಬರದು ನಿಮ್ಮ ಕೈಯಾಗ ಕೊಟ್ಟಿದ್ನಲ್ರಿ?"

"ಕೊಟ್ಟೀರಿ, ನಾನೂ ಇಟ್ಟೀನಿ. ಸಾಹೇಬ್ರು ಬರೂ ಹೊತ್ತಿನ್ಯಾಗ ನಮ್ಮ ಹುಳುಕಿಗೆ ನಾವ ಡಂಗುರ ಹೊಡೀಬೇಕೇನು? ಶಿಕ್ಷಕರು ಬರದದ್ದು ನನ್ನ ಸಹಿ ಬಿದ್ದ ಹೋಗಬೇಕು. ಪಾಲಕರು ಬೇಕಾದ್ರ ಸೀದಾ ಬರೀಲಿ, ನಾ ಬ್ಯಾಡ ಅನ್ನಾಂವಲ್ಲ. ಆದ್ರ ಈ ಊರಾಗ ಕಬ್ಬು ಕಡಿಯೂದು ಬಿಟ್ಟು ಪತ್ರ ಬರಿಯೂ ಪಾಲಕ ಯಾವ ಅದಾನ್ರಿ?" ತಮ್ಮ ಜಾಣತನಕ್ಕೆ ತಾವೇ ನಕ್ಕು ಭೋಗಟೆ ಸರ್ ಸೀಟಿ ಊದಿದರು.

ಸೋಮವಾರದ ಪ್ರದರ್ಶನದ ತಾಲೀಮಿಗೆ ಮಕ್ಕಳು, ಪಂಚಾಯತಿಯ ಸರಪಂಚರ ಮೊಮ್ಮಗನೂ ಸೇರಿ, ಒಬ್ಬರ ಮೇಲೊಬ್ಬರು ಕಂಬಕ್ಕೆ ಹತ್ತಿದರು. ಎಲ್ಲರಿಗಿಂತ ಹಗುರ ಎಂದು ತುದಿಗೆ ಮುಕ್ತಾ. ನಾಲ್ಕನೆಯ ಇಯತ್ತೆಯಲ್ಲಿ ಕಲಿಯುವ ಮುಕ್ತಾ ನಲಿನಿಯ ಮಗಳು. ಮಗಳನ್ನು ಶಾಲೆಗೆ ಸೇರಿಸಿದ ದಿನವೇ ನಲಿನಿ ಕಟ್ಟಪ್ಪಣೆ ಮಾಡಿದ್ದಳು: ಗೇಟಿನ ಆಚೆ ನಾನು ನಿನ್ನ ಆಯಿ, ಒಳಗೆ ಬಂದರೆ ಮೇಡಂ. ತಾಯಿ ಪಕ್ಷಪಾತ ಮಾಡುತ್ತಾಳೆಂದು ಯಾರೂ ಅನ್ನಬಾರದಲ್ಲ. ಈಗ ಮಗಳನ್ನು ಇಳಿಸಬೇಕೆಂದು ನಾಲಿಗೆಯ ತುದಿಗೆ ಬಂತು. ಒಬ್ಬಳನ್ನೇ ಇಳಿಸಿದರೆ ಉಳಿದ ಮಕ್ಕಳು ಗೆದ್ದಲಿನ ಪಾಲೇ? ಮಾತು ನುಂಗಿ, ಕಂಬದ ಕೆಳಗೆ ಕೈಚಾಚಿ ನಿಂತಳು.

ಕಂಬ ಸರಿಯಾಗಿ ಕೆಮ್ಮಣ್ಣಿನ ಗೆರೆಯಲ್ಲೇ ಲಟಕ್ಕೆಂದು ಮುರಿಯಿತು. "ಮೇಡಂ!" ಎಂದು ಕೂಗಿದಳು ಮುಕ್ತಾ. ಬೀಳುವಾಗಲೂ ಪಾಪದ್ದು ಕಟ್ಟಪ್ಪಣೆ ಮೀರಲಿಲ್ಲ. ನಲಿನಿಯ ಕೈ ಮೊದಲು ಹೋದದ್ದು ಸರಪಂಚರ ಮೊಮ್ಮಗನ ಕಡೆಗೆ. ಅವನ ಮೊಣಕಾಲು ತರಚಿತ್ತು, ಅಷ್ಟೇ. ಆಮೇಲೆ ತಿರುಗಿ ನೋಡಿದರೆ ಮುಕ್ತಾ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದಳು, ಯಾರದೋ ಸಾಮಾನು ಮುರಿದವಳ ಹಾಗೆ.

ಕರಾಡದ ಆಸ್ಪತ್ರೆಗೆ ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ತಾಯಿಮಗಳು ಸಂಜೆ ಶಾಲೆಯ ಹತ್ತಿರ ಬಸ್ಸಿಳಿದಾಗ ಭೋಗಟೆ ಸರ್ ಎದುರಿಗೇ ಬಂದರು.

"ಮುರದೈತೇನ್ರಿ? ಅಯ್ಯ ಪಾಪ! ಆದ್ರೂ ದೇವರು ದೊಡ್ಡಾಂವ ನೋಡ್ರಿ, ನಿಮ್ಮ ಮಗಳದ ಕೈ ಮುರೀತು. ಬ್ಯಾರೇದವರ ಮಗು ಆಗಿದ್ರ ಪಾಲಕರು ಬಂದು ರಂಪ ಮಾಡ್ತಿದ್ರು. ಮತ್ತ ನೀವು ಮೊದಲ ಸರಪಂಚರ ಮೊಮ್ಮಗನ್ನ ಎತ್ತಿದ್ರಿ, ಅದನ್ನೂ ನೋಡೀನಿ. ಆದರ್ಶ ಶಿಕ್ಷಕಿ ಅಂದ್ರ ನೀವ! ಸಾಹೇಬ್ರ ಮುಂದ ಹೇಳ್ತೀನಿ."

ಹಿಂದೆ ಅಂಗಳದಲ್ಲಿ ಮುರಿದ ಕಂಬದ ಬುಡ ಕೀಳಿಸಿ, ಆ ಕುಳಿಯ ಮೇಲೆ ತುಳಸಿಯ ಕುಂಡ ಇಡಿಸಿದ್ದಾಗಿತ್ತು.

"ನನ್ನ ಪತ್ರ ಕೊಡ್ರಿ ಸರ್," ಎಂದಳು ನಲಿನಿ. "ಅದರಾಗೊಂದು ತಪ್ಪೈತಿ."

"ಹಿಂದಕ್ಕ ತೊಗೋತೀರಿ? ಛಲೋ ಆತು ಬಿಡ್ರಿ!" ಭೋಗಟೆ ಸರ್ ಹಿಗ್ಗಿ ಒಳಗೆ ನಡೆದರು. ಪತ್ರ ಕಪಾಟಿನಲ್ಲಿರಲಿಲ್ಲ, ಖಾನೆಯಲ್ಲೂ ಇರಲಿಲ್ಲ. ಅವರು ತಮ್ಮ ಮೇಜನ್ನು ಒಂದು ಕಡೆ ಎತ್ತಿ, ಅದರ ಗಿಡ್ಡ ಕಾಲಿನ ಕೆಳಗೆ ಮಡಿಸಿ ಇಟ್ಟಿದ್ದ ಕಾಗದವನ್ನು ಎಳೆದು ಕೊಟ್ಟರು. ಮೇಜು ಅಲುಗಾಡುವುದನ್ನು ಮಾತ್ರ ಅವರು ಒಂದು ದಿನವೂ ತಡೆದುಕೊಂಡವರಲ್ಲ.

ನಲಿನಿ ಅಲ್ಲೇ ನಿಂತು 'ಸಹಶಿಕ್ಷಕಿ' ಎಂಬುದನ್ನು ಹೊಡೆದುಹಾಕಿ, 'ಮುಕ್ತಾಳ ತಾಯಿ' ಎಂದು ಬರೆದಳು. ಕೆಳಗೆ ಒಂದು ಸಾಲು ಸೇರಿಸಿದಳು: ಕಂಬ ಮುರಿದಿದೆ, ಮಗುವಿನ ಕೈಯೂ. ಬರುವಾಗ ಕೊಂಡು ತಂದಿದ್ದ ಲಕೋಟೆಗೆ ಪತ್ರ ಹಾಕಿ, ನಾಲಿಗೆಯಿಂದ ಅಂಟಿಸಿ, ಮಗಳ ಜೊತೆ ಗೇಟು ದಾಟಿದಳು. ಎದುರಿನ ಗೋಡೆಗೆ ಅಂಚೆಪೆಟ್ಟಿಗೆ ತೂಗಾಡುತ್ತಿತ್ತು.

"ಮ್ಯಾಡಂ! ಮ್ಯಾಡಂ! ನನ್ನ ಸಹಿ ಇಲ್ಲದ ಹೆಂಗ ಹಾಕ್ತೀರಿ?" ಕಿಟಕಿಯಿಂದ ಭೋಗಟೆ ಸರ್ ಒದರಿದರು.

"ಮ್ಯಾಡಂ ಇಲ್ಲಿಲ್ಲ ಸರ್, ಒಳಗ ಹುಡಿಕ್ಯಾಡ್ರಿ. ನಾ ಗೇಟಿನ ಆಚೆ ಅದೀನಿ."

"ಆಯಿ, ನಾ ಹಾಕ್ಲಿ?" ಎಂದಳು ಮುಕ್ತಾ.

ಒಳಗೆ ಭೋಗಟೆ ಸರ್ ಮೇಜಿಗೆ ಕೈಯೂರಿದರು. ಮೇಜು ವಾಲಿ ಮಸಿಕುಡಿಕೆ ಉರುಳಿತು. ಆಚೆ ಮುಕ್ತಾ ತುದಿಗಾಲಲ್ಲಿ ನಿಂತು, ಎಡಗೈಯಿಂದ ಪತ್ರವನ್ನು ಪೆಟ್ಟಿಗೆಯ ಬಾಯಿಗೆ ದೂಡಿದಳು.