ಎರಡನೆಯ ರಿಮೋಟು

ಒಳಗೆ ವಿಡಿಯೋ ಗೇಮಿನ ರಾಗ ಬದಲಾಯಿತು. ಯಾರೂ ಗುಂಡಿ ಒತ್ತದೆ ಬದಲಾಗುವ ರಾಗವಲ್ಲ ಅದು. ಮುಚ್ಚಿದ ಬಾಗಿಲ ಹೊರಗೆ ನಿಂತ ಭವಿತಾಳ ಕೈ ಚಿಲಕದ ಮೇಲೆಯೇ ಉಳಿಯಿತು. ಮಳೆಗಾಲದ ಆಟಿ ತಿಂಗಳು ಬಂದಾಗ ಸತ್ತವರಿಗೆ ಎಲೆ ಹಾಕಿ ಬಡಿಸಿ, ಅವರು ಉಂಡೇಳುವವರೆಗೆ ಬಾಗಿಲು ಮುಚ್ಚಿಡುವುದು ಹಳ್ಳಿ ಬಿಟ್ಟು ದರ್ಬೆ ಪೇಟೆಯಲ್ಲಿ ಮನೆ ಮಾಡಿದ ಮೇಲೂ ಬಿಡದ ಪದ್ಧತಿ. ಅಣ್ಣ ರೂಪೇಶನ ಎಲೆಗೆ ಕೋಳಿ ಸಾರು ಬಡಿಸಿದ ತಾಯಿ ತಿಮ್ಮಕ್ಕ, "ಆ ಗೇಮನ್ನೂ ಇಡು ಮಗಳೆ, ಅವನಿಗೆ ಇಷ್ಟದ್ದು ಇಡದಿದ್ರೆ ಹೇಗೆ?" ಎಂದಿದ್ದಳು.

"ಇಪ್ಪತ್ತೈದು ವರ್ಷದ ಡಬ್ಬಿ ಅಮ್ಮ, ಅದೆಲ್ಲಿ ಸ್ಟಾರ್ಟ್ ಆಗುದು!" ಎನ್ನುತ್ತಲೇ ಭವಿತಾ ಅದನ್ನು ಟಿವಿಗೆ ಜೋಡಿಸಿ, ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಸಿಕ್ಕಿಸಿದ್ದಳು. ಹೋದ ವರ್ಷ ಕೊಂಡ ಫೋನು ಕೆಟ್ಟು ಕೂತಿತ್ತು. ಈ ಹಳೆಯದು ಸ್ವಿಚ್ಚು ಹಾಕಿದ ಕೂಡಲೇ ಹಾಡಿತ್ತು. ಅಭ್ಯಾಸಬಲದಿಂದ ಅವಳು ಆಟದ ಎರಡೂ ರಿಮೋಟುಗಳನ್ನು ಎಲೆಯ ಬದಿಗಿಟ್ಟು ಬಂದಿದ್ದಳು. ಒಂದು ಅವನದು, ಇನ್ನೊಂದು ತನ್ನದು. ಸತ್ತವರ ಎಲೆಯ ಬಳಿ ಬದುಕಿರುವವರ ಸಾಮಾನು ಬಿಟ್ಟು ಬರಬಾರದೆಂಬುದು ಈಗ ನೆನಪಾಯಿತು.

ಒಳಗೆ ಗುಂಡು ಹಾರುವ ಸದ್ದು ಶುರುವಾಯಿತು. ಆಮೇಲೆ ಟಿಣ್ ಎಂದು ಎಲ್ಲವೂ ನಿಂತಿತು.

"ಕರೆಂಟ್ ಹೋಯ್ತಾ ಎಂತ?" ಎಂದಳು ತಿಮ್ಮಕ್ಕ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಆಟವನ್ನು ತಡೆದು ನಿಲ್ಲಿಸುವ ಗುಂಡಿ ಇದ್ದದ್ದು ಅಣ್ಣನ ರಿಮೋಟಿನಲ್ಲಿ ಮಾತ್ರ. ಭವಿತಾ ನೀರು ಕುಡಿಯಲು ಎದ್ದುಹೋದಾಗಷ್ಟೇ ಅವನು ಅದನ್ನು ಒತ್ತುತ್ತಿದ್ದ. ಅವಳು ಬಂದು ಪಕ್ಕದಲ್ಲಿ ಕೂರುವವರೆಗೆ ಕಾಯುತ್ತಿದ್ದ.

"ಅವನದ್ದು ಆಯ್ತು ಕಾಣ್ತದೆ," ಎಂದಳು ತಿಮ್ಮಕ್ಕ. "ಇನ್ನು ನೀನು ಒಳಗೆ ಹೋಗು."