ಒತ್ತದ ಬೀಗ

ಮಮತ ಹಿಂಬಾಗಿಲ ಚಿಲಕಕ್ಕೆ ಬೀಗ ಸಿಕ್ಕಿಸಿದಳು. ಒತ್ತಲಿಲ್ಲ. ನೋಡಿದವರಿಗೆ ಹಾಕಿದಂತೆಯೇ ಕಾಣಬೇಕು. ಎಳೆದರೆ ಕಳಚಿ ಬರಬೇಕು. ವೇಲಿನಲ್ಲಿ ಕೈ ಒರೆಸಿಕೊಂಡು, ಹೋಗಿ ಸೂಪರ್‌ವೈಸರ್ ಭಾನುಪ್ರಕಾಶನ ಕೈಗೆ ಕೀಲಿ ಕೊಟ್ಟಳು.

ದಾಬಸ್‌ಪೇಟೆಯ ಆ ಗಾರ್ಮೆಂಟ್ಸ್‌ನಲ್ಲಿ ದಿನಾ ಬೆಳಿಗ್ಗೆ ಹಿಂಬಾಗಿಲಿಗೆ ಬೀಗ ಹಾಕುವುದು ಅವಳ ಪಾಲಿನ ಕೆಲಸ. ಬಟ್ಟೆ ಕಳುವಾಗುತ್ತದೆಂದು ಭಾನುಪ್ರಕಾಶನ ಕಟ್ಟಪ್ಪಣೆ. ತಪಾಸಣೆಯವರು ಬರುವ ದಿನ ಮಾತ್ರ ಬೀಗ ಅವನ ಡ್ರಾಯರ್ ಸೇರುತ್ತಿತ್ತು. ಮುಂಬಾಗಿಲ ಪಕ್ಕ ಎದೆಯೆತ್ತರ ಬಟ್ಟೆಯ ರಾಶಿ, ಅದಕ್ಕೆ ತಾಗಿಕೊಂಡೇ ಇಸ್ತ್ರಿ ಟೇಬಲ್ಲು. ಹೋದ ವಾರ ಅದರ ವೈರು ಕಿಡಿ ಕಾರಿದ್ದನ್ನು ಮಮತ ನೋಡಿದ್ದಳು. ಹೇಳಿದ್ದಕ್ಕೆ, "ನೀನೇನಮ್ಮಾ, ಫೈರ್ ಆಫೀಸರ್ರಾ?" ಎಂದು ಭಾನುಪ್ರಕಾಶ ನಕ್ಕಿದ್ದ. ಉಳಿದವರೂ ನಕ್ಕಿದ್ದರು. ಅಂದಿನಿಂದ ಅವಳು ಬೀಗ ಒತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋದಂತೆಯೇ.

ಅಲ್ಲಿನ ಹೆಂಗಸರು ಕೆಟ್ಟವರೇನಲ್ಲ. ಒಬ್ಬಳು ಕಾಲರ್ ಉಲ್ಟಾ ಹೊಲಿದರೆ ಪಕ್ಕದವಳು ಸದ್ದಿಲ್ಲದೆ ಬಿಚ್ಚಿ ಸರಿಮಾಡುವಳು. ಸೂಜಿ ಮುರಿದರೆ ಇನ್ನೊಬ್ಬಳು ಚೂರನ್ನು ಬಚ್ಚಿಡುವಳು. ಭಾನುಪ್ರಕಾಶನ ಕಣ್ಣಿಗೆ ಬೀಳದಿದ್ದರೆ ಅದು ತಪ್ಪೇ ಅಲ್ಲ.

ಊಟವಾದ ಮೇಲೆ, ಪಕ್ಕದ ಮಷಿನ್ನಿನ ಲಕ್ಕಮ್ಮ ದಾರ ತರಲು ಹಿಂದಕ್ಕೆ ಹೋದಳು. ಬಾಗಿಲ ಹತ್ತಿರ ತುಸು ನಿಂತಳು. ಮಮತಳ ಕಾಲು ಪೆಡಲಿನ ಮೇಲೆ ಹಾಗೇ ಉಳಿಯಿತು.

ಲಕ್ಕಮ್ಮ ಬಂದು ಕೂತು, ತಲೆಯೆತ್ತದೆ, "ಬೀಗ ನೋಡ್ದೆ ಕಣಮ್ಮಿ," ಎಂದಳು.

"ಅಕ್ಕಾ, ಸಾರ್‌ಗೆ..."

"ನಾನ್ಯಾಕ್ ಹೇಳ್ಲಿ? ನಿನ್ ಕೆಲ್ಸ ಎಲ್ಲೂ ಹೋಗಲ್ಲ. ಸುಮ್ನೆ ಹೊಲಿ."

ಮಮತಳ ಕಣ್ಣು ತುಂಬಿತು. ತನ್ನ ಕಡೆಗೆ ಒಬ್ಬಳಾದರೂ ಇದ್ದಾಳೆ.

ಭಾನುಪ್ರಕಾಶ ಕೀಲಿಗೊಂಚಲು ಜೇಬಿಗಿಳಿಸಿ ನೆಲಮಂಗಲಕ್ಕೆ ಹೊರಟ. ಅವನ ಬೈಕು ಹೋದ ಸ್ವಲ್ಪ ಹೊತ್ತಿಗೆ ಮುಂದಿನಿಂದ ಸುಟ್ಟ ವಾಸನೆ ಬಂತು. ಆಮೇಲೆ ಹೊಗೆ. ಬಟ್ಟೆಯ ರಾಶಿ ಹೊತ್ತಿಕೊಂಡು ಮುಂಬಾಗಿಲೇ ಕಾಣದಾಯಿತು.

ಎಲ್ಲರೂ ಹಿಂದಕ್ಕೆ ನುಗ್ಗಿದರು. "ನೂಕ್ಬೇಡಿ, ಬೀಗ ಬರೀ ಸಿಕ್ಸಿದೀನಿ, ಒತ್ತಿಲ್ಲ," ಎನ್ನುತ್ತ ಮಮತ ಎಲ್ಲರಿಗಿಂತ ಮುಂದೆ ಹೋಗಿ ಬೀಗ ಹಿಡಿದು ಎಳೆದಳು.

ಬರಲಿಲ್ಲ. ಮತ್ತೆ ಎಳೆದಳು.

ಬೆನ್ನಿಗೆ ಅಂಟಿ ನಿಂತಿದ್ದ ಲಕ್ಕಮ್ಮನ ದನಿ ಕಿವಿಯ ಹತ್ತಿರವೇ ಕೇಳಿಸಿತು. "ನೀನು ಮರ್ತಿದ್ದೀಯ ಅನ್ಕಂಡೆ ಕಣಮ್ಮಿ. ಸಾರ್ ನೋಡೋಕ್ ಮುಂಚೆ ನಾನೇ ಒತ್ಬುಟ್ಟೆ."

ಮಮತ ಬಾಗಿಲ ಸಂದಿಗೆ ಬಾಯಿಟ್ಟು, ಹೊರಗಿನ ಖಾಲಿ ಅಂಗಳಕ್ಕೆ ಹೇಳಿದಳು: "ಯಾರಾದ್ರೂ ಬಾಗ್ಲು ಒಡೀರಿ."