ಹಳೆಯ ಕಾರ್ಡಿನ ಗವಸು

ಕೊಪ್ಪಳದಿಂದ ಬಂದ ಕಂಪ್ಯೂಟರ್ ರಿಪೇರಿಯ ರುದ್ರೇಶ ಆಟದ ಚಿತ್ರಗಳನ್ನು ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಒಡೆಯಲು ಹೋದಾಗ ಸಹನಾ "ತಡೀರಿ" ಎಂದಳು. ಅವಳ ಕಂಪ್ಯೂಟರಿನಲ್ಲಿ ಆಟ ನಡುನಡುವೆ ನಿಲ್ಲುತ್ತದೆಂದು ಭಾನುವಾರದ ಆನ್‌ಲೈನ್ ಪಂದ್ಯಕ್ಕೆ ತಂಡದವರು ಅವಳನ್ನು ಕೈಬಿಡುವವರಿದ್ದರು. ಆದರೆ ಅವನು ಪರೀಕ್ಷೆಗೆಂದು ಚಾಲೂ ಮಾಡಿ ಅರ್ಧ ತಾಸಾದರೂ, ಹಳೆಯ ಕಾರ್ಡಿನಲ್ಲೇ ಆಟ ಸಲೀಸಾಗಿ ಓಡುತ್ತಿತ್ತು.

ಅಷ್ಟರಲ್ಲಿ ಅವ್ವ ಹಂಪವ್ವ, ಊರ ಪಕ್ಕದ ಫ್ಯಾಕ್ಟರಿಯ ಧೂಳು ಕೂರದಿರಲೆಂದು ತಾನೇ ಹೊಲಿದ ದಪ್ಪ ಗವಸನ್ನು ಎಂದಿನಂತೆ ಕಂಪ್ಯೂಟರಿಗೆ ತೊಡಿಸಿದಳು. ತುಸು ಹೊತ್ತಿಗೆ ಒಳಗಿನ ಫ್ಯಾನು ಏದುಸಿರು ಬಿಟ್ಟಿತು. ಆಟ ನಿಂತಿತು.

"ಯವ್ವಾ, ಬ್ಯಾಸಗ್ಯಾಗ ಕಂಬಳಿ ಹೊಚ್ಚಿ ಓಡು ಅಂದ್ರ ನೀ ಓಡ್ತೀಯೇನ?" ಸಹನಾ ಗವಸು ಕಿತ್ತಳು.

"ಮತ್ತ ಧೂಳ ಕುಂತ್ರ?"

"ದಿನಾ ನಾನ ಒರಸ್ತೀನಿ. ರುದ್ರೇಶಣ್ಣ, ನಿಮ್ಮ ಡಬ್ಬಿ ತಗೊಂಡು ಹೋಗ್ರಿ."

ಅವಳು ತಂಡದವರಿಗೆ ಫೋನ್ ಹಚ್ಚಿದಳು. "ಭಾನುವಾರ ನಾ ಆಡ್ತೀನಿ. ಹೆಸರು ಬರೀರಿ."